ಎರಡು ಎಳೆ, ಒಂದು ಬೆಳಕು: ಫೈಬರ್ ಇಂಟರ್‌ಫೆರೋಮೀಟರ್ ಕುರಿತು ಓದುಗರ ಪ್ರಶ್ನೆಗಳು

ಈ ಸಂಚಿಕೆಯ ಪ್ರಶ್ನೆಗಳೆಲ್ಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದಿವೆ, ಎಲ್ಲವೂ ಒಂದೇ ಉಪಕರಣದ ಸುತ್ತ. ಒಂದು ಲೇಸರಿನ ಬೆಳಕನ್ನು ಗಾಜಿನ ಎರಡು ಎಳೆಗಳಿಗೆ ಹಂಚಿ ಮತ್ತೆ ಕೂಡಿಸಿದರೆ, ಎರಡು ದಾರಿಗಳ ನಡುವೆ ತರಂಗದೂರದ ಒಂದು ಪಾಲಿನಷ್ಟು ವ್ಯತ್ಯಾಸವಾದರೂ ಹೊರಬರುವ ಬೆಳಕು ಏರುತ್ತದೆ, ಇಳಿಯುತ್ತದೆ. ಒಂದು ಪೂರ್ತಿ ಏರಿಳಿತಕ್ಕೆ ಒಂದು ಪಟ್ಟೆ ಅಥವಾ ಫ್ರಿಂಜ್ ಎನ್ನುತ್ತೇವೆ. ಬರೆದವರಲ್ಲಿ ಹಲವರು ಉಪಕರಣವನ್ನು ಆಗಲೇ ಕಟ್ಟಿದ್ದಾರೆ, ಪಟ್ಟೆ ಮಾತ್ರ ಸರಿಯಾಗಿ ಕಾಣುತ್ತಿಲ್ಲ. ಅದಕ್ಕೇ ಪರೀಕ್ಷೆಯ ವಿವರಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಊರಿನ ಕೇಬಲ್ ಇಂಟರ್ನೆಟ್ ಕೆಲಸದವರ ಹತ್ತಿರ ಸ್ಪ್ಲೈಸಿಂಗ್ ಮಷಿನ್, ಮನೆ ಸಂಪರ್ಕದ ಫೈಬರ್, ಒಂದಕ್ಕೆರಡು ಸ್ಪ್ಲಿಟರ್, ಕೆಂಪು ಬೆಳಕಿನ ಪೆನ್ನು ಎಲ್ಲವೂ ಇವೆ. ಇಷ್ಟರಲ್ಲೇ ಪದವಿ ತರಗತಿಗೆ ಒಂದು ಇಂಟರ್‌ಫೆರೋಮೀಟರ್ ಕಟ್ಟಬಹುದೇ?
— ಭೌತಶಾಸ್ತ್ರ ಉಪನ್ಯಾಸಕಿ, ಗಂಗಾವತಿ

ಎಳೆಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಮಷಿನ್ ಮತ್ತು ಫೈಬರ್ ನಿಮಗೆ ಪೂರ್ತಿ ಉಪಯೋಗಕ್ಕೆ ಬರುತ್ತವೆ. ಸ್ಪ್ಲಿಟರ್ ಅರ್ಧ ಉಪಯೋಗಕ್ಕೆ ಬರುತ್ತದೆ. ಕೆಂಪು ಪೆನ್ನನ್ನು ಮಾತ್ರ ಬದಿಗಿಡಿ.

ಪೆನ್ನಿನ ಬೆಳಕು 650 ನ್ಯಾನೋಮೀಟರಿನದು. ಮನೆ ಸಂಪರ್ಕದ ಫೈಬರ್ 1260 ನ್ಯಾನೋಮೀಟರಿಗಿಂತ ಹೆಚ್ಚಿನ ತರಂಗದೂರಕ್ಕೆ ಮಾತ್ರ ಏಕಮೋಡ್ (ಬೆಳಕು ಒಂದೇ ರೀತಿಯಲ್ಲಿ ಸಾಗುವಂಥದು) ಆಗಿರುತ್ತದೆ. ಕೆಂಪು ಬೆಳಕು ಅದರೊಳಗೆ ಹಲವು ಮೋಡ್‌ಗಳಾಗಿ ಒಡೆದು, ಒಂದೊಂದೂ ತನ್ನದೇ ವೇಗದಲ್ಲಿ ಸಾಗುತ್ತದೆ. ಕೂಡಿಸಿದ ಮೇಲೆ ಕಾಣುವುದು ಚುಕ್ಕೆಗಳ ಗೊಂದಲ. ಜೊತೆಗೆ ಆ ಡಯೋಡಿನ ಸಂಸಕ್ತ ಉದ್ದ ತೀರ ಕಡಿಮೆ. ಎರಡು ದಾರಿಗಳ ನಡುವಿನ ವ್ಯತ್ಯಾಸ ಎಷ್ಟಾಗುವವರೆಗೆ ಪಟ್ಟೆ ಉಳಿಯುತ್ತದೆ ಎಂಬ ಮಿತಿಯೇ ಸಂಸಕ್ತ ಉದ್ದ. ತರಂಗದೂರದ ವರ್ಗವನ್ನು, ಗಾಜಿನ ವಕ್ರೀಭವನ ಸೂಚ್ಯಂಕ ಮತ್ತು ಲೇಸರಿನ ವರ್ಣಪಟ್ಟಿಯ ಅಗಲ ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಅದರ ಅಂದಾಜು ಸಿಗುತ್ತದೆ. ವರ್ಣಪಟ್ಟಿ 2 ನ್ಯಾನೋಮೀಟರ್ ಅಗಲವಿರುವ, 1310 ನ್ಯಾನೋಮೀಟರಿನ ಸಾಮಾನ್ಯ ಫ್ಯಾಬ್ರಿ-ಪೆರೊ ಲೇಸರಿಗೂ ಅದು ಸುಮಾರು 0.6 ಮಿಲಿಮೀಟರ್. ಅಷ್ಟು ಸಮನಾಗಿ ಎರಡು ಎಳೆ ಕತ್ತರಿಸಿ ಸ್ಪ್ಲೈಸ್ ಮಾಡಲು ಕೈಯಿಂದ ಆಗುವುದಿಲ್ಲ.

ನಿಮಗೆ ಬೇಕಾದದ್ದು ತೀರ ಕಿರಿದಾದ ವರ್ಣರೇಖೆಯ, 1550 ನ್ಯಾನೋಮೀಟರಿನ ಡಿಎಫ್‌ಬಿ ಲೇಸರ್. ಫೈಬರ್ ಬಾಲ ಜೋಡಿಸಿದ, ಒಳಗೇ ಐಸೊಲೇಟರ್ (ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ಮಾದರಿಯನ್ನು ಕೇಳಿ ಪಡೆಯಿರಿ. ಅದರ ವರ್ಣರೇಖೆಯ ಅಗಲ ಕೆಲವು ಮೆಗಾಹರ್ಟ್ಸ್‌ನಷ್ಟೇ ಇರುವುದರಿಂದ ಸಂಸಕ್ತ ಉದ್ದ ಹಲವು ಮೀಟರ್ ಇರುತ್ತದೆ, ಎಳೆಗಳಲ್ಲಿ ಒಂದೆರಡು ಸೆಂಟಿಮೀಟರ್ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಹಳೆಯ ನೆಟ್‌ವರ್ಕ್ ಸ್ವಿಚ್‌ಗಳಿಂದ ತೆಗೆದ 80 ಕಿಲೋಮೀಟರ್ ವ್ಯಾಪ್ತಿಯ 1550ರ ಎಸ್‌ಎಫ್‌ಪಿ ಮಾಡ್ಯೂಲಿನಲ್ಲೂ ಸಾಮಾನ್ಯವಾಗಿ ಡಿಎಫ್‌ಬಿ ಲೇಸರೇ ಇರುತ್ತದೆ. ಆದರೆ ಡೇಟಾ ಕೊಡದೆ ಬಿಟ್ಟರೆ ಅದರ ಡ್ರೈವರ್ ಯಾವ ಮಟ್ಟದಲ್ಲಿ ನಿಲ್ಲುತ್ತದೆಂದು ಹೇಳಲಾಗದು. ಡೇಟಾ ಕೊಟ್ಟರೆ ವರ್ಣರೇಖೆ ಹಿಗ್ಗಿ ಸಂಸಕ್ತ ಉದ್ದ ಕುಗ್ಗುತ್ತದೆ. ಆದ್ದರಿಂದ ಸ್ಥಿರ ವಿದ್ಯುತ್ ಕೊಡುವ ಸಣ್ಣ ಸರ್ಕ್ಯೂಟಿನ ಮೇಲೆ ಬಿಡಿ ಲೇಸರನ್ನೇ ನಡೆಸುವುದು ಉತ್ತಮ. ಮನೆಯ ಮೋಡೆಮ್ ಪೆಟ್ಟಿಗೆಯ ಲೇಸರ್ ಈ ಕೆಲಸಕ್ಕೆ ಬಾರದು. ಅದು ಎದುರು ತುದಿಯ ಯಂತ್ರ ಅಪ್ಪಣೆ ಕೊಟ್ಟಾಗ ಮಾತ್ರ ಕ್ಷಣಕಾಲ ಮಿನುಗುತ್ತದೆ.

ಸ್ಪ್ಲಿಟರ್ ವಿಷಯಕ್ಕೆ ಬರೋಣ. ಒಂದಕ್ಕೆರಡು ಸ್ಪ್ಲಿಟರ್ ಎರಡನ್ನು ಎದುರುಬದುರು ಜೋಡಿಸಿದರೆ ಮಾಕ್-ಜೆಂಡರ್ ವಿನ್ಯಾಸವೇನೋ (ಒಂದು ಕಡೆ ಹಂಚಿದ ಬೆಳಕು ಇನ್ನೊಂದು ಕಡೆ ಕೂಡುವಂಥದು) ಆಗುತ್ತದೆ, ಪಟ್ಟೆಯೂ ಕಾಣುತ್ತದೆ. ಆದರೆ ಹೊರದಾರಿ ಒಂದೇ. ಬೆಳಕು ಕಡಿಮೆಯಾದದ್ದು ಪಟ್ಟೆಯಿಂದಲೋ ಲೇಸರ್ ಮಂಕಾದದ್ದರಿಂದಲೋ ಗೊತ್ತಾಗುವುದಿಲ್ಲ. ಎರಡಕ್ಕೆರಡು, 50:50 ಕಪ್ಲರಿನಲ್ಲಿ ಎರಡು ಹೊರದಾರಿಗಳಿವೆ. ಒಂದರಲ್ಲಿ ಬೆಳಕು ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ, ಎರಡರ ಮೊತ್ತ ಸ್ಥಿರವಾಗಿದ್ದರೆ ಲೇಸರ್ ಸರಿಯಾಗಿದೆ ಎಂದರ್ಥ. ಇಂಥ ಎರಡು ಕಪ್ಲರ್ ಕೊಂಡರೆ ಮಾಕ್-ಜೆಂಡರ್, ಒಂದೇ ಕೊಂಡರೆ ಮೈಕೆಲ್ಸನ್ (ಹಂಚಿದ ಬೆಳಕು ತುದಿಯಿಂದ ಪ್ರತಿಫಲಿಸಿ ಅದೇ ಕಪ್ಲರಿನಲ್ಲಿ ಕೂಡುವಂಥದು).

ಮೊದಲ ಸಲ ಕಟ್ಟುವವರಿಗೆ ನಮ್ಮ ಸಲಹೆ ಮೈಕೆಲ್ಸನ್. ಕಪ್ಲರಿನ ಎಡಬದಿಯ ಒಂದು ಕಾಲಿಗೆ ಲೇಸರ್, ಇನ್ನೊಂದಕ್ಕೆ ಡಿಟೆಕ್ಟರ್. ಬಲಬದಿಯ ಎರಡೂ ಕಾಲುಗಳನ್ನು ಒಂದೊಂದು ಮೀಟರ್ ಉಳಿಸಿ, ತುದಿಯನ್ನು ಕ್ಲೀವರಿನಲ್ಲಿ ನೇರವಾಗಿ ಕತ್ತರಿಸಿ ಗಾಳಿಗೆ ಬಿಟ್ಟರೆ ಸಾಕು. ಕನ್ನಡಿ ಬೇಕಿಲ್ಲ. ಗಾಜಿನಿಂದ ಗಾಳಿಗೆ ದಾಟುವ ಆ ಚಪ್ಪಟೆ ಮುಖವೇ ಶೇ. 3.5ರ ಸುತ್ತ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಎರಡೂ ತುದಿ ಸಮನಾಗಿ ಪ್ರತಿಫಲಿಸುವುದರಿಂದ ಪಟ್ಟೆ ತಾನಾಗಿ ಸಮತೂಕದಲ್ಲಿರುತ್ತದೆ. 1 ಮಿಲಿವಾಟ್ ಲೇಸರಿಗೆ ಪಟ್ಟೆಯ ನೆತ್ತಿಯಲ್ಲಿ ಡಿಟೆಕ್ಟರಿಗೆ ಸುಮಾರು 30 ಮೈಕ್ರೊವಾಟ್ ಬರುತ್ತದೆ. ಇಂಗ್ಯಾಸ್ (ಇಂಡಿಯಂ-ಗ್ಯಾಲಿಯಂ-ಆರ್ಸೆನೈಡ್) ಫೋಟೊಡಯೋಡ್, ಒಂದು ಆಪ್-ಆಂಪ್, ಫೀಡ್‌ಬ್ಯಾಕ್‌ನಲ್ಲಿ 100 ಕಿಲೋಓಮ್ ರೆಸಿಸ್ಟರ್, ಅದಕ್ಕೆ ಸಮಾಂತರವಾಗಿ 10 ಪಿಕೊಫ್ಯಾರಡ್ ಕೆಪಾಸಿಟರ್ ಇಟ್ಟರೆ 3 ವೋಲ್ಟಿನ ಹತ್ತಿರ ಸಿಗ್ನಲ್ ಸಿಗುತ್ತದೆ. ಸಿಲಿಕಾನ್ ಫೋಟೊಡಯೋಡ್ ಹಾಕಬೇಡಿ. 1100 ನ್ಯಾನೋಮೀಟರ್ ದಾಟಿದರೆ ಅದು ಕುರುಡು.

ಐಸೊಲೇಟರ್ ಬಿಡಬೇಡಿ ಎಂದು ಒತ್ತಿ ಹೇಳಲು ಕಾರಣವಿದೆ. ಮೈಕೆಲ್ಸನ್‌ನಲ್ಲಿ ತುದಿಗಳಿಂದ ಹಿಂದಿರುಗಿ ಡಿಟೆಕ್ಟರಿಗೆ ಹೋಗದ ಬೆಳಕೆಲ್ಲ ಲೇಸರಿನ ಬಾಯಿಗೇ ವಾಪಸಾಗುತ್ತದೆ. ಐಸೊಲೇಟರ್ ಇಲ್ಲದಿದ್ದರೆ ಲೇಸರ್ ಕಂಪನಾಂಕ ಬದಲಿಸುತ್ತಾ ಕುಪ್ಪಳಿಸುತ್ತದೆ, ಪಟ್ಟೆಯ ಇಳಿಜಾರು ನುಣುಪಾಗಿರದೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅಂಥ ಮೆಟ್ಟಿಲು ಕಂಡರೆ ಬೇರೆ ಏನನ್ನೂ ಮುಟ್ಟುವ ಮೊದಲು ಐಸೊಲೇಟರನ್ನೇ ನೋಡಿ.

ಪ್ರಶ್ನೆ: ನೀವು ಹೇಳುವಂಥದೇ ಮೈಕೆಲ್ಸನ್ ವಿನ್ಯಾಸವನ್ನು ಎಂ.ಎಸ್ಸಿ ಪ್ರಾಜೆಕ್ಟಿಗೆ ಕಟ್ಟಿದ್ದೇನೆ. ಬೆಳಕು ಏರಿಳಿಯುತ್ತದೆ, ಆದರೆ ಕಾಂಟ್ರಾಸ್ಟ್ ಶೇ. 15 ದಾಟುತ್ತಿಲ್ಲ. ಕೆಲವೊಮ್ಮೆ ಪೂರ್ತಿ ಮಾಯವಾಗಿ ಅರ್ಧ ಗಂಟೆ ಬಿಟ್ಟು ತಾನೇ ಬರುತ್ತದೆ. ಸ್ಪ್ಲೈಸ್‌ಗಳನ್ನು ಮೂರು ಸಲ ಬದಲಿಸಿದೆ. ತಪ್ಪೆಲ್ಲಿ?
— ವಿದ್ಯಾರ್ಥಿ, ಬಳ್ಳಾರಿ

ಸ್ಪ್ಲೈಸ್ ಬದಲಿಸುವುದನ್ನು ನಿಲ್ಲಿಸಿ. ಪ್ರತಿ ಸಲವೂ ಎರಡೂ ಕಡೆಯಿಂದ ಎರಡು ಮೂರು ಸೆಂಟಿಮೀಟರ್ ಫೈಬರ್ ಕಳೆದುಹೋಗಿ, ಎಳೆಗಳ ಉದ್ದ ಮತ್ತಷ್ಟು ಹೆಚ್ಚುಕಮ್ಮಿಯಾಗುತ್ತದೆ. ಕಾಂಟ್ರಾಸ್ಟ್ ಕೆಡಲು ಮೂರು ಕಾರಣಗಳಿವೆ: ಎರಡು ಎಳೆಗಳ ಬೆಳಕು ಸಮವಿಲ್ಲದಿರುವುದು, ಧ್ರುವೀಕರಣ (ಬೆಳಕು ಕಂಪಿಸುವ ದಿಕ್ಕು) ಹೊಂದದಿರುವುದು, ಉದ್ದದ ವ್ಯತ್ಯಾಸ ಸಂಸಕ್ತ ಉದ್ದವನ್ನು ಮೀರುವುದು. ಬಿಡಿಭಾಗ ಬದಲಿಸುವ ಮೊದಲು ಇವುಗಳಲ್ಲಿ ಯಾವುದೆಂದು ಪತ್ತೆ ಮಾಡಬೇಕು. ಪತ್ತೆಗೂ ಒಂದು ಕ್ರಮವಿದೆ.

ಮೊದಲು ಅಳತೆಯೇ ಸರಿಯೇ ನೋಡಿ. ಆಸಿಲೋಸ್ಕೋಪಿನ ಚಾನೆಲ್ ಡಿಸಿ ಕಪ್ಲಿಂಗ್‌ನಲ್ಲಿರಬೇಕು. ಎಸಿಯಲ್ಲಿದ್ದರೆ ತಳಮಟ್ಟ ಕಳಚಿಹೋಗಿ ಕಾಂಟ್ರಾಸ್ಟ್ ಲೆಕ್ಕವೇ ಸಿಗದು. ಲೇಸರ್ ಆರಿಸಿ ಬರುವ ವೋಲ್ಟೇಜನ್ನು ಬರೆದುಕೊಂಡು ಎಲ್ಲ ಅಳತೆಗಳಿಂದಲೂ ಕಳೆಯಿರಿ. ಪಟ್ಟೆಯ ನೆತ್ತಿ ಚಪ್ಪಟೆಯಾಗಿದ್ದರೆ ಆಂಪ್ಲಿಫೈಯರ್ ತುಂಬಿ ನಿಂತಿದೆ, ರೆಸಿಸ್ಟರ್ ಕಡಿಮೆ ಮಾಡಿ. ಇಷ್ಟಾದ ಮೇಲೆ ಒಂದು ಎಳೆಯ ಹತ್ತಿರ ಅಂಗೈ ಹಿಡಿಯಿರಿ. ಪಟ್ಟೆಗಳು ಸಾಲಾಗಿ ಓಡುತ್ತವೆ. ಅತಿ ಹೆಚ್ಚು, ಅತಿ ಕಡಿಮೆ ಮಟ್ಟಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ. ಅದು ನಿಮ್ಮ ನಿಜವಾದ ಕಾಂಟ್ರಾಸ್ಟ್.

ಎರಡನೆಯದು ಬೆಳಕಿನ ಸಮತೂಕ. ಔಷಧಿ ಅಂಗಡಿಯ ಗ್ಲಿಸರಿನ್ ಒಂದು ಹನಿ ತನ್ನಿ. ಅದರ ವಕ್ರೀಭವನ ಸೂಚ್ಯಂಕ ಗಾಜಿನ ಎಳೆಗೆ ತೀರ ಸಮೀಪ. ಒಂದು ಎಳೆಯ ತುದಿಯನ್ನು ಅದರಲ್ಲಿ ಅದ್ದಿದರೆ ಅಲ್ಲಿನ ಪ್ರತಿಫಲನ ಬಹುತೇಕ ಸತ್ತುಹೋಗುತ್ತದೆ, ಇನ್ನೊಂದು ಎಳೆಯ ಬೆಳಕೊಂದೇ ಉಳಿಯುತ್ತದೆ. ಅದನ್ನು ಅಳೆಯಿರಿ. ತುದಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಇನ್ನೊಂದನ್ನು ಅದ್ದಿ, ಮತ್ತೆ ಅಳೆಯಿರಿ. ಎರಡು ಎಳೆಗಳ ನಡುವೆ 1 ಡಿಬಿ (ಡೆಸಿಬೆಲ್, ಬೆಳಕಿನ ಅನುಪಾತದ ಅಳತೆ) ವ್ಯತ್ಯಾಸವಿದ್ದರೂ ಕಾಂಟ್ರಾಸ್ಟ್ ಶೇ. 99 ಇರಬಲ್ಲದು. 3 ಡಿಬಿ ಇದ್ದರೆ 94, 10 ಡಿಬಿ ಇದ್ದರೂ 57. ಅಂದರೆ ಬೆಳಕಿನ ನಷ್ಟವೊಂದರಿಂದಲೇ 15ಕ್ಕೆ ಇಳಿಯಬೇಕಾದರೆ ಒಂದು ಎಳೆ ಸತ್ತೇಹೋಗಿರಬೇಕು. ಸ್ಪ್ಲೈಸಿನ 0.05 ಡಿಬಿಗೆ ನೀವು ಪಟ್ಟ ಪಾಡಿಗೆ ಇಲ್ಲಿ ಫಲವಿಲ್ಲ ಎನ್ನುವುದು ಇದಕ್ಕೇ. ಎರಡೂ ತುದಿ ಅದ್ದಿದಾಗಲೂ ಬೆಳಕು ಉಳಿದರೆ ಅದು ಬೇರೆಲ್ಲಿಂದಲೋ ಬರುತ್ತಿರುವ ಪ್ರತಿಫಲನ. ಚಪ್ಪಟೆ ಮುಖದ ಕನೆಕ್ಟರ್ ಇದ್ದರೆ ಹಸಿರು ಬಣ್ಣದ, ಓರೆ ಮುಖದ ಎಪಿಸಿಗೆ ಬದಲಿಸಿ.

ಮೂರನೆಯದು ಧ್ರುವೀಕರಣ. ನಿಮ್ಮ ಪತ್ರದ "ಮಾಯವಾಗಿ ತಾನೇ ಬರುತ್ತದೆ" ಎಂಬ ಮಾತು ಬೆರಳು ತೋರಿಸುವುದು ಇದರ ಕಡೆಗೇ. ಏಕಮೋಡ್ ಫೈಬರ್ ಬಾಗಿದಲ್ಲಿ, ಒತ್ತಿದಲ್ಲಿ, ತಿರುಚಿದಲ್ಲಿ ಬೆಳಕಿನ ಕಂಪನದ ದಿಕ್ಕು ಬದಲಾಗುತ್ತದೆ. ಎರಡು ಎಳೆಗಳಿಂದ ಬಂದ ಬೆಳಕುಗಳು ಒಂದಕ್ಕೊಂದು ಲಂಬವಾಗಿ ಕಂಪಿಸುತ್ತಿದ್ದರೆ ಪಟ್ಟೆ ಸೊನ್ನೆ. ಕೋಣೆಯ ಶಾಖ ಸರಿದಂತೆ ಆ ದಿಕ್ಕೂ ಸರಿಯುತ್ತದೆ, ಅದಕ್ಕೇ ಅರ್ಧ ಗಂಟೆಯ ಕಣ್ಣಾಮುಚ್ಚಾಲೆ. ಒಂದು ಎಳೆಯನ್ನು ಬೆರಳಿನಲ್ಲಿ ನಿಧಾನವಾಗಿ ತಿರುಚಿ ನೋಡಿ. ಕಾಂಟ್ರಾಸ್ಟ್ ದೊಡ್ಡದಾಗಿ ಬದಲಾದರೆ ಅನುಮಾನವೇ ಬೇಡ.

ಪರಿಹಾರಕ್ಕೆ ಒಂದು ಎಳೆಯಲ್ಲಿ ಮೂರು ಸುರುಳಿಯ ಧ್ರುವೀಕರಣ ನಿಯಂತ್ರಕ ಹಾಕಿ. ಹೊಲಕ್ಕೆ ಹಾಕುವ 50 ಮಿಲಿಮೀಟರಿನ ಪಿವಿಸಿ ಪೈಪಿನಿಂದ ಒಂದೂವರೆ ಸೆಂಟಿಮೀಟರ್ ಅಗಲದ ಮೂರು ಬಳೆಗಳನ್ನು ಕತ್ತರಿಸಿ. ಆ ಪೈಪಿನ ಹೊರವ್ಯಾಸವೇ 50 ಮಿಲಿಮೀಟರ್ ಇರುವುದರಿಂದ ಲೆಕ್ಕ ಸರಿಹೋಗುತ್ತದೆ. 125 ಮೈಕ್ರಾನ್ ಗಾಜಿಗೆ, 1550 ನ್ಯಾನೋಮೀಟರಿಗೆ, ಈ ವ್ಯಾಸದಲ್ಲಿ ಮೂರು ಸುತ್ತು ಕಾಲು ತರಂಗ ಫಲಕದಂತೆ, ಆರು ಸುತ್ತು ಅರ್ಧ ತರಂಗ ಫಲಕದಂತೆ ಕೆಲಸ ಮಾಡುತ್ತದೆ. ಮೊದಲ ಬಳೆಗೆ ಮೂರು, ನಡುವಿನದಕ್ಕೆ ಆರು, ಕೊನೆಯದಕ್ಕೆ ಮೂರು ಸುತ್ತು ಸುತ್ತಿ, ಮೂರನ್ನೂ ಒಂದೇ ಸಾಲಿನಲ್ಲಿ ಬೋಲ್ಟ್ ಮೇಲೆ ನಿಲ್ಲಿಸಿ. ಪ್ರತಿಯೊಂದೂ ಪುಸ್ತಕದ ಹಾಳೆಯಂತೆ ಎಡಕ್ಕೂ ಬಲಕ್ಕೂ ಮಗುಚಬೇಕು, ಫೈಬರ್ ಆ ಮಗುಚುವ ಅಕ್ಷದ ಮೇಲೇ ಒಳಬಂದು ಹೊರಹೋಗಬೇಕು. ಅಂಟು ಬಳಸಬೇಡಿ, ಮೆತ್ತಗೆ ಟೇಪ್ ಹಾಕಿ. ಗಟ್ಟಿಯಾಗಿ ಅಂಟಿಸಿದ ಜಾಗವೇ ಹೊಸದೊಂದು ಒತ್ತಡವಾಗಿ ಕಾಡುತ್ತದೆ. ಹೀಗೆ ಸುತ್ತುವಾಗ ಈ ಎಳೆಯಲ್ಲಿ ಸುಮಾರು 1.9 ಮೀಟರ್ ಹೆಚ್ಚು ಫೈಬರ್ ಹೋಗುತ್ತದೆ. ಇನ್ನೊಂದು ಎಳೆಯಲ್ಲೂ ಅಷ್ಟನ್ನು ಸುತ್ತಿಡುವುದನ್ನು ಮರೆಯಬೇಡಿ. ಇದನ್ನು ಮರೆತು ಉದ್ದ ಕೆಡಿಸಿಕೊಳ್ಳುವವರೇ ಹೆಚ್ಚು.

ಕೈಯಿಂದ ಹೊಂದಿಸುತ್ತ ಕೂರಲು ಸಮಯವಿಲ್ಲದಿದ್ದರೆ ಎರಡೂ ತುದಿಗೆ ಫ್ಯಾರಡೆ ಕನ್ನಡಿ ಸ್ಪ್ಲೈಸ್ ಮಾಡಿಸಿ. ಹೋಗುವ ದಾರಿಯಲ್ಲಿ ಎಳೆ ಧ್ರುವೀಕರಣವನ್ನು ಎಷ್ಟು ಕೆಡಿಸಿತೋ ಅಷ್ಟನ್ನೂ ಬರುವ ದಾರಿಯಲ್ಲಿ ಅದು ಸರಿಪಡಿಸುತ್ತದೆ. ಬೆಲೆ ಹೆಚ್ಚು, ಆದರೆ ದಿನಗಟ್ಟಲೆ ಓಡಿಸುವ ಸೆನ್ಸರಿಗೆ ಅದೇ ಸರಿಯಾದ ದಾರಿ.

ಬಳೆಗಳನ್ನು ಎಷ್ಟೇ ಮಗುಚಿದರೂ ಕಾಂಟ್ರಾಸ್ಟ್ ಏರದಿದ್ದರೆ ಮಾತ್ರ ನಾಲ್ಕನೆಯ ಪರೀಕ್ಷೆ, ಉದ್ದದ ವ್ಯತ್ಯಾಸ. ಫೈಬರಿನ ಉದ್ದ, ದೋಷ ಅಳೆಯುವ ಓಟಿಡಿಆರ್ ಯಂತ್ರ ಇಲ್ಲಿ ನೆರವಾಗದು, ಅದರ ಕುರುಡು ವಲಯವೇ ಮೀಟರ್‌ಗಟ್ಟಲೆ. ಲೇಸರಿನ ಕರೆಂಟನ್ನೇ ಅಳತೆಗೋಲು ಮಾಡಿಕೊಳ್ಳಿ. ಡಿಎಫ್‌ಬಿ ಲೇಸರಿಗೆ 1 ಮಿಲಿಆಂಪಿಯರ್ ಹೆಚ್ಚಿಸಿದರೆ ಕಂಪನಾಂಕ ಸುಮಾರು 1 ಗಿಗಾಹರ್ಟ್ಸ್ ಸರಿಯುತ್ತದೆ. ನಿಖರ ಅಂಕಿ ಲೇಸರಿನ ಡೇಟಾಶೀಟಿನಲ್ಲಿರುತ್ತದೆ. ಮೈಕೆಲ್ಸನ್‌ನಲ್ಲಿ ಎಳೆಗಳ ಉದ್ದ 10 ಸೆಂಟಿಮೀಟರ್ ಬೇರೆಯಿದ್ದರೆ ಪ್ರತಿ 1 ಗಿಗಾಹರ್ಟ್ಸ್‌ಗೆ ಒಂದು ಪಟ್ಟೆ ದಾಟುತ್ತದೆ. 1 ಸೆಂಟಿಮೀಟರ್ ಆದರೆ 10 ಗಿಗಾಹರ್ಟ್ಸ್‌ಗೆ ಒಂದು. ಕರೆಂಟನ್ನು 10 ಮಿಲಿಆಂಪಿಯರ್ ಬೇಗನೆ ಏರಿಸಿ, ದಾಟಿದ ಪಟ್ಟೆ ಎಣಿಸಿ. ಹತ್ತು ಎಣಿಸಿದರೆ ವ್ಯತ್ಯಾಸ 10 ಸೆಂಟಿಮೀಟರಿನಷ್ಟು, ಒಂದೇ ಕಂಡರೆ 1 ಸೆಂಟಿಮೀಟರಿನಷ್ಟು. ಉದ್ದದ ಎಳೆಯನ್ನು ಅಷ್ಟು ಮೊಟಕು ಮಾಡಿ ಹೊಸದಾಗಿ ಕ್ಲೀವ್ ಮಾಡಿ. ಏರಿಕೆ ನಿಧಾನವಾದರೆ ಕೋಣೆಯ ಶಾಖದ ಪಟ್ಟೆಗಳೂ ಬೆರೆತು ಲೆಕ್ಕ ತಪ್ಪುತ್ತದೆ, ಆದ್ದರಿಂದ ಸೆಕೆಂಡಿಗೆ ಹತ್ತಾರು ಬಾರಿ ಏರಿಳಿಯುವ ತ್ರಿಕೋನ ಅಲೆ ಕೊಡಿ.

ಪ್ರಶ್ನೆ: ಮಾರ್ಚ್ ಕಳೆದರೆ ನಮ್ಮ ಪ್ರಯೋಗಾಲಯದಲ್ಲಿ ಮಧ್ಯಾಹ್ನದ ಹೊತ್ತು ಪಟ್ಟೆ ಒಂದು ಕ್ಷಣ ನಿಲ್ಲುವುದಿಲ್ಲ. ಫ್ಯಾನ್ ಹಾಕಿದರೆ ಇನ್ನೂ ಕೆಡುತ್ತದೆ. ರಾಯಚೂರಿನ ಬಿಸಿಲಿಗೆ ಎ.ಸಿ. ಕೋಣೆಯೇ ಬೇಕೇ?
— ಪ್ರಯೋಗಾಲಯ ಸಹಾಯಕರು, ರಾಯಚೂರು

ಎ.ಸಿ. ಹಾಕಿದರೆ ಅದರ ಗಾಳಿಯ ಬೀಸು ಬಂದು ಹೋಗಿ ಮಾಡುವಾಗ ಪಟ್ಟೆ ಇನ್ನಷ್ಟು ಓಡುತ್ತದೆ. ಕೋಣೆ ಎಷ್ಟು ಬಿಸಿ ಎನ್ನುವುದು ದೊಡ್ಡ ಮಾತಲ್ಲ. ಎರಡು ಎಳೆಗಳ ನಡುವೆ ಶಾಖ ಎಷ್ಟು ಬೇರೆ ಎನ್ನುವುದೇ ಮುಖ್ಯ.

1550 ನ್ಯಾನೋಮೀಟರಿನಲ್ಲಿ, ಒಂದು ಮೀಟರ್ ಫೈಬರ್ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 6ರಿಂದ 7 ಪಟ್ಟೆ ದಾಟುತ್ತವೆ. ಗಾಜು ಹಿಗ್ಗುವುದರಿಂದ ಆಗುವುದು ಇದರಲ್ಲಿ ಅಲ್ಪ ಪಾಲು, ಹೆಚ್ಚಿನದು ಗಾಜಿನ ವಕ್ರೀಭವನ ಸೂಚ್ಯಂಕ ಬದಲಾಗುವುದರಿಂದ. ಮೈಕೆಲ್ಸನ್‌ನಲ್ಲಿ ಬೆಳಕು ಹೋಗಿ ಬರುವುದರಿಂದ ಇದರ ಎರಡರಷ್ಟು. ಮೂರು ಮೀಟರ್ ಎಳೆಯ ಮಾಕ್-ಜೆಂಡರ್‌ನಲ್ಲಿ ಎರಡು ಎಳೆಗಳ ಶಾಖ ಒಂದು ಡಿಗ್ರಿಯ ನೂರನೇ ಒಂದು ಪಾಲು ಬೇರೆಯಾದರೂ ಪಟ್ಟೆಯ ಐದನೇ ಒಂದು ಪಾಲು ಸರಿಯುತ್ತದೆ. ಫ್ಯಾನಿನ ಗಾಳಿ ಇದಕ್ಕಿಂತ ಎಷ್ಟೋ ಹೆಚ್ಚು ಕೆಡಿಸುತ್ತದೆ.

ಎರಡೂ ಎಳೆಗಳನ್ನು ಜೊತೆಜೊತೆಯಾಗಿ ಒಂದೇ ಸುರುಳಿಯಾಗಿ ಸುತ್ತಿ. ದಪ್ಪ ಹಳದಿ ಪ್ಯಾಚ್‌ಕಾರ್ಡ್ ಬಳಸಬೇಡಿ, ಅದರ ಪ್ಲಾಸ್ಟಿಕ್ ಕವಚ ಶಾಖಕ್ಕೆ ಹಿಗ್ಗಿ ಒಳಗಿನ ಎಳೆಯನ್ನು ಜಗ್ಗುತ್ತದೆ. 250 ಮೈಕ್ರಾನಿನ ಬರಿಯ ಎಳೆಯನ್ನೇ ಬಳಸಿ. ಸುರುಳಿಯನ್ನು ಅಲ್ಯೂಮಿನಿಯಂ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿಡಿ. ಲೋಹ ಒಳಗಿನ ಶಾಖವನ್ನು ಎಲ್ಲೆಡೆ ಸಮನಾಗಿ ಹಂಚುತ್ತದೆ, ಥರ್ಮೊಕೋಲ್ ಹೊರಗಿನದನ್ನು ತಡೆಯುತ್ತದೆ. ಬರೀ ಥರ್ಮೊಕೋಲ್ ಇಟ್ಟರೆ ಒಂದು ಮೂಲೆ ಬಿಸಿ, ಇನ್ನೊಂದು ತಂಪು ಆಗಿಯೇ ಉಳಿಯುತ್ತದೆ. ಮುಚ್ಚಿದ ಮೇಲೆ ಒಂದೆರಡು ಗಂಟೆ ಮುಟ್ಟದೆ ಬಿಡಿ.

ಹೀಗೆ ಎರಡೂ ಎಳೆ ಒಂದೇ ಶಾಖದಲ್ಲಿದ್ದರೆ ಉಳಿಯುವುದು ಉದ್ದದ ವ್ಯತ್ಯಾಸ ಮಾತ್ರ. ಮಾಕ್-ಜೆಂಡರ್‌ನಲ್ಲಿ ವ್ಯತ್ಯಾಸ 1 ಸೆಂಟಿಮೀಟರ್ ಇದ್ದು, ಬೆಳಗಿನಿಂದ ಮಧ್ಯಾಹ್ನಕ್ಕೆ ಪೆಟ್ಟಿಗೆಯೊಳಗೆ 10 ಡಿಗ್ರಿ ಏರಿದರೂ ಸರಿಯುವುದು ಪಟ್ಟೆಯ ಮೂರನೇ ಎರಡು ಪಾಲಿನಷ್ಟೇ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲೂ ಇದು ಸಾಧ್ಯ. ಇದರ ಜೊತೆಗೆ ಲೇಸರಿನ ಶಾಖವನ್ನೂ ಹಿಡಿದಿಡಬೇಕು. ಡಿಎಫ್‌ಬಿ ಲೇಸರ್ ಪ್ರತಿ ಡಿಗ್ರಿಗೆ ಸುಮಾರು 0.1 ನ್ಯಾನೋಮೀಟರ್ ಸರಿಯುತ್ತದೆ, ಉದ್ದದ ವ್ಯತ್ಯಾಸ ಒಂದು ಮೀಟರ್ ಇದ್ದರೆ ಅಷ್ಟಕ್ಕೇ ಮಾಕ್-ಜೆಂಡರ್‌ನಲ್ಲಿ 60 ಪಟ್ಟೆ ಓಡುತ್ತವೆ. ಎಳೆಗಳ ಉದ್ದ ಹೊಂದಿಸಿದವರಿಗೆ ಲೇಸರಿನ ಕಾಟವೂ ಕಡಿಮೆ.

ಪ್ರಶ್ನೆ: ಕಾಲೇಜಿನ ಪಕ್ಕದಲ್ಲೇ ರೈಸ್ ಮಿಲ್ ಇದೆ. ಮಿಲ್ ನಡೆಯುವಾಗ ಸಿಗ್ನಲ್ ಪೂರ್ತಿ ಕಲಸಿಹೋಗುತ್ತದೆ. ಅದರಲ್ಲಿ 50 ಹರ್ಟ್ಸ್ ಕೂಡ ಕಾಣುತ್ತದೆ.
— ಉಪನ್ಯಾಸಕರು, ಕಾರಟಗಿ

ಮೊದಲು ಲೇಸರ್ ಆರಿಸಿ. 50 ಹರ್ಟ್ಸ್ ಆಗಲೂ ಉಳಿದರೆ ಅದು ಕರೆಂಟಿನ ತಂತಿಯಿಂದ ಆಂಪ್ಲಿಫೈಯರಿಗೆ ನುಗ್ಗಿದ ಗದ್ದಲ. ಲೋಹದ ಪೆಟ್ಟಿಗೆ, ಗಿಡ್ಡ ವೈರು, ಬ್ಯಾಟರಿ ಬಳಸಿದರೆ ಹೋಗುತ್ತದೆ. ಲೇಸರ್ ಆರಿದಾಗ ಅದೂ ಹೋದರೆ ನಿಜವಾದ ನಡುಕವಿರಬಹುದು.

ನೆಲದ ನಡುಕಕ್ಕೆ ದುಬಾರಿ ಮೇಜು ಬೇಡ. ಎರಡು ಅಡಿ ಚೌಕದ, ಒಂದಿಂಚು ದಪ್ಪದ ಶಹಾಬಾದ್ ಪರಸಿ ಸುಮಾರು 25 ಕಿಲೋ ತೂಗುತ್ತದೆ. ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬಿನ ಮೇಲೆ ಅದನ್ನಿಟ್ಟು, ಉಪಕರಣವನ್ನು ಅದರ ಮೇಲಿಡಿ. ಟ್ಯೂಬ್ ಬಿಗಿಯಾಗಿ ಊದಿದರೆ ನಡುಕ ಹಾಗೇ ದಾಟುತ್ತದೆ, ಪರಸಿಯನ್ನು ಬೆರಳಿನಿಂದ ಒತ್ತಿದರೆ ನಿಧಾನವಾಗಿ ತೂಗಾಡುವಷ್ಟು ಸಡಿಲವಿರಲಿ. ಹೊರಗಿನಿಂದ ಬರುವ ವೈರು, ಫೈಬರ್‌ಗಳನ್ನು ಸಡಿಲವಾಗಿ ಜೋತುಬಿಡಿ. ಬಿಗಿದ ಒಂದು ಕೇಬಲ್ ಸಾಕು, ನೆಲದ ನಡುಕವನ್ನೆಲ್ಲ ಮೇಲಕ್ಕೆ ತರಲು. ಮಿಲ್ಲಿನ ಸದ್ದು ಗಾಳಿಯಲ್ಲೂ ಬರುತ್ತದೆ. ಅದಕ್ಕೆ ಮುಚ್ಚಿದ ಪೆಟ್ಟಿಗೆಯೇ ಮದ್ದು.

ಸಿಗ್ನಲನ್ನು ಓದುವಾಗ ಒಂದು ಎಚ್ಚರ. ನಾಲ್ಕು ಪೋಲ್ ಮೋಟರ್ ನಿಮಿಷಕ್ಕೆ 1440 ಸುತ್ತಿನ ಹತ್ತಿರ ತಿರುಗುತ್ತದೆ, ಅಂದರೆ 24 ಹರ್ಟ್ಸ್. ಆದರೆ ನಡುಕ ಒಂದು ಪಟ್ಟೆಗಿಂತ ದೊಡ್ಡದಾದರೆ ಹೊರಬರುವ ಬೆಳಕು ಒಂದು ಸಲದ ಅಲುಗಾಟಕ್ಕೆ ಹಲವು ಸಲ ಏರಿಳಿಯುತ್ತದೆ. ಸಿಗ್ನಲಿನ ಕಂಪನಾಂಕಗಳ ವರ್ಣಪಟಲ ತೆಗೆದರೆ 48, 72, 96 ಹೀಗೆ ಮೆಟ್ಟಿಲು ಕಾಣುತ್ತದೆ. ಅವು ಬೇರೆ ಬೇರೆ ಯಂತ್ರಗಳ ಗುರುತಲ್ಲ. 1550 ನ್ಯಾನೋಮೀಟರಿನಲ್ಲಿ ಮಾಕ್-ಜೆಂಡರ್ ಎಳೆ 1.4 ಮೈಕ್ರಾನ್ ಹಿಗ್ಗಿದರೆ ಒಂದು ಪಟ್ಟೆ. ಮೊದಲು ಪಟ್ಟೆ ಎಣಿಸಿ ಹಿಗ್ಗಿದ ಉದ್ದ ತೆಗೆಯಿರಿ, ಆಮೇಲೆ ಅದರ ವರ್ಣಪಟಲ ತೆಗೆಯಿರಿ.

ಪ್ರಶ್ನೆ: ಪಟ್ಟೆ ಎಣಿಸಬಹುದು, ಆದರೆ ಎಳೆ ಹಿಗ್ಗಿತೋ ಕುಗ್ಗಿತೋ ಹೇಗೆ ತಿಳಿಯುವುದು?
— ಓದುಗರು, ಲಿಂಗಸುಗೂರು

ಒಂದು ಡಿಟೆಕ್ಟರಿನಿಂದ ತಿಳಿಯದು. ಎರಡಕ್ಕೆರಡು ಕಪ್ಲರಿನ ಎರಡು ಹೊರದಾರಿಗಳೂ ಒಂದೇ ಸುದ್ದಿಯನ್ನು ತಲೆಕೆಳಗಾಗಿ ಹೇಳುತ್ತವೆ. ಬೆಳಕು ಕೂಡುವ ಜಾಗದಲ್ಲಿ ಮೂರಕ್ಕೆ ಮೂರು ಕಪ್ಲರ್ ಹಾಕಿ. ಅದರ ಮೂರು ಹೊರದಾರಿಗಳು ಒಂದಕ್ಕೊಂದು 120 ಡಿಗ್ರಿ ಹಿಂದುಮುಂದಾಗಿ ಏರಿಳಿಯುತ್ತವೆ. ಯಾವುದು ಮೊದಲು ನೆತ್ತಿ ಮುಟ್ಟಿತು ಎಂಬುದರಿಂದ ದಿಕ್ಕು ಸಿಗುತ್ತದೆ. ಎರಡು ಸಿಗ್ನಲನ್ನು ಆಸಿಲೋಸ್ಕೋಪಿನ ಎಕ್ಸ್-ವೈ ಸ್ಥಿತಿಯಲ್ಲಿ ನೋಡಿದರೆ ಚುಕ್ಕೆ ದೀರ್ಘವೃತ್ತದ ಮೇಲೆ ಓಡುತ್ತದೆ, ಹಿಗ್ಗಿದರೆ ಒಂದು ಕಡೆಗೆ, ಕುಗ್ಗಿದರೆ ಇನ್ನೊಂದು ಕಡೆಗೆ.

ಪ್ರಶ್ನೆ: ನಾನು ಫೈಬರ್ ಜೋಡಿಸುವ ಕೆಲಸದವನು. ಗಣಿ ಲಾರಿಗಳ ಓಡಾಟವಿರುವ ನಮ್ಮ ಕಡೆ ಸ್ಪ್ಲೈಸ್ ಪದೇ ಪದೇ ಫೇಲ್ ಆಗುತ್ತದೆ. ಮಷಿನ್ ಹಳೆಯದಾಯಿತೇ?
— ಟೆಕ್ನಿಷಿಯನ್, ಸಂಡೂರು

ಮಷಿನಿಗಿಂತ ಮೊದಲು ಕೆಂಪು ದೂಳನ್ನು ನೋಡಿ. ಬೆಳಕು ಹೋಗುವ ತಿರುಳು 9 ಮೈಕ್ರಾನ್. ಅದಿರಿನ ದೂಳಿನ ಒಂದು ಕಣ ಎಳೆ ಕೂರುವ ವಿ ಆಕಾರದ ತೋಡಿನಲ್ಲಿ ಕೂತರೆ ಎಳೆ ಅಷ್ಟು ಮೇಲೆದ್ದು ಎರಡು ತುದಿ ನೇರ ಕೂಡುವುದಿಲ್ಲ. ಹತ್ತಿ ಕಡ್ಡಿಗೆ ಆಲ್ಕೋಹಾಲ್ ತಾಗಿಸಿ ಆ ತೋಡನ್ನು, ಹಿಡಿಕೆಯ ರಬ್ಬರನ್ನು, ಕ್ಯಾಮೆರಾ ಗಾಜನ್ನು ದಿನಕ್ಕೊಮ್ಮೆ ಒರೆಸಿ. ಒರೆಸಲು 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲೇ ಬೇಕು. ಕೈಗೆ ಹಚ್ಚುವ ಸ್ಯಾನಿಟೈಜರಿನಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ, ಪೊರೆ ಉಳಿದು ಆರ್ಕಿನಲ್ಲಿ (ಎಳೆಗಳನ್ನು ಬೆಸೆಯುವ ವಿದ್ಯುತ್ ಕಿಡಿಯಲ್ಲಿ) ಗುಳ್ಳೆ ಏಳುತ್ತದೆ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಒಳ್ಳೆಯ ಆಲ್ಕೋಹಾಲೂ ಗಾಳಿಯ ತೇವ ಹೀರಿ ಕೆಡುತ್ತದೆ.

ಕ್ರಮ ಹೀಗಿರಲಿ: ರಕ್ಷಾಕೊಳವೆಯನ್ನು ಮೊದಲೇ ತೂರಿಸಿ. ಮೂರ್ನಾಲ್ಕು ಸೆಂಟಿಮೀಟರ್ ಹೊದಿಕೆ ಸುಲಿಯಿರಿ. ಒರೆಸುವಾಗ ಒಂದೇ ದಿಕ್ಕಿಗೆ ಎಳೆಯಿರಿ, ಕೀಚ್ ಎಂಬ ಸದ್ದು ಬಂದರೆ ಸ್ವಚ್ಛವಾಗಿದೆ. ಒರೆಸಿದ ಮೇಲೆ ಕ್ಲೀವ್ ಮಾಡಿ, ಕ್ಲೀವ್ ಮಾಡಿದ ಮೇಲೆ ಒರೆಸಬೇಡಿ. ಮುಖದ ಕೋನ 1 ಡಿಗ್ರಿಯೊಳಗಿರಲಿ. ಪದೇ ಪದೇ ಕೋನ ಕೆಡುತ್ತಿದ್ದರೆ ಕ್ಲೀವರಿನ ಬ್ಲೇಡನ್ನು ಮುಂದಿನ ಅಂಕಿಗೆ ತಿರುಗಿಸಿ. ಬಿಸಿಲಲ್ಲಿ ಕೆಲಸ ಶುರುಮಾಡುವ ಮೊದಲು ಆರ್ಕ್ ಕ್ಯಾಲಿಬ್ರೇಶನ್ ಮಾಡಿ, ಬೆಳಗಿನ ತಂಪಿನಲ್ಲಿ ಮಾಡಿದ್ದು ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಪರದೆಯ ಮೇಲಿನ 0.02 ಡಿಬಿ ಚಿತ್ರ ನೋಡಿ ಮಾಡಿದ ಅಂದಾಜಷ್ಟೇ, ನಿಜವಾದ ನಷ್ಟವನ್ನು ಪವರ್ ಮೀಟರಿನಲ್ಲೇ ನೋಡಬೇಕು. ಇಂಟರ್‌ಫೆರೋಮೀಟರಿನ ಎಳೆಯೊಳಗೆ ಮಾತ್ರ ಜೆಲ್ ಇರುವ ಮೆಕ್ಯಾನಿಕಲ್ ಸ್ಪ್ಲೈಸ್ ಹಾಕಬೇಡಿ. ಶಾಖಕ್ಕೆ ಅದರ ಪ್ರತಿಫಲನ ಬದಲಾಗುತ್ತಲೇ ಇರುತ್ತದೆ.

ತುಂಡಾದ ಗಾಜಿನ ಚೂರುಗಳನ್ನು ಮುಚ್ಚಳದ ಬಾಟಲಿಯಲ್ಲಿ ಹಾಕಿ. ಪ್ರಯೋಗಾಲಯದ ಹೊರಗೆ ಚಪ್ಪಲಿ ಬಿಡುವ ರೂಢಿ ಇರುವಲ್ಲಿ ಈ ಕೋಣೆಗೆ ಮಾತ್ರ ವಿನಾಯಿತಿ ಕೊಡಿ. ಅಂಗಾಲಿಗೆ ಚುಚ್ಚಿದ ಚೂರು ಕಣ್ಣಿಗೆ ಕಾಣುವುದಿಲ್ಲ, ತೆಗೆಯುವುದು ಬಹಳ ಕಷ್ಟ.

ಪ್ರಶ್ನೆ: ಬೆಳಕು ಬರುತ್ತಿದೆಯೇ ಎಂದು ಮೊಬೈಲ್ ಕ್ಯಾಮೆರಾದಲ್ಲಿ ನೋಡಬಹುದೇ?
— ವಿದ್ಯಾರ್ಥಿನಿ, ಕುಷ್ಟಗಿ

1310, 1550 ಎರಡೂ ಮೊಬೈಲ್ ಕ್ಯಾಮೆರಾಕ್ಕೆ ಕಾಣುವುದಿಲ್ಲ, ನಿಮ್ಮ ಕಣ್ಣಿಗೂ ಕಾಣುವುದಿಲ್ಲ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದೂ ಇಲ್ಲ. ಬೆಳಕು ಇದೆಯೇ ಎಂದು ಪವರ್ ಮೀಟರಿನಲ್ಲೇ ನೋಡಿ. ಕೇಬಲ್ ಟಿವಿಯ ಚಾಲೂ ಲೈನನ್ನು ಪ್ರಯೋಗಕ್ಕೆ ಎಂದೂ ಜೋಡಿಸಬೇಡಿ. ಅಲ್ಲಿನ ಆಂಪ್ಲಿಫೈಯರ್ ನಿಮ್ಮ ಪ್ರಯೋಗಾಲಯದ ಲೇಸರಿಗಿಂತ ನೂರು ಪಟ್ಟು ಬೆಳಕು ಕಳಿಸುತ್ತಿರಬಹುದು. ಸೂಕ್ಷ್ಮದರ್ಶಕದಲ್ಲಿ ತುದಿ ನೋಡುವ ಮೊದಲು ಲೇಸರ್ ಆರಿಸಿ, ಪ್ಲಗ್ಗನ್ನೂ ಕಿತ್ತಿಡಿ.

ಪ್ರಶ್ನೆ: ಒಂದು ಕಿಲೋಮೀಟರ್ ಫೈಬರಿನ ಸುರುಳಿಯಿಂದ ಭೂಮಿ ತಿರುಗುವುದನ್ನು ಅಳೆಯಬಹುದು ಎಂದು ಓದಿದೆ. ಕೊಪ್ಪಳದಲ್ಲಿ ಕುಳಿತು ಮಾಡಬಹುದೇ?
— ವಿಜ್ಞಾನ ಶಿಕ್ಷಕರು, ಕೊಪ್ಪಳ

ಇದು ಸಾನ್ಯಾಕ್ ವಿನ್ಯಾಸ. ಒಂದೇ ಸುರುಳಿಯೊಳಗೆ ಬೆಳಕನ್ನು ಎರಡೂ ತುದಿಯಿಂದ ಎದುರುಬದುರು ಕಳಿಸುತ್ತಾರೆ. ಸುರುಳಿ ತಿರುಗುತ್ತಿದ್ದರೆ ಒಂದು ಕಡೆಯ ಬೆಳಕು ತುಸು ಮೊದಲು ತಲುಪುತ್ತದೆ. ಜಾರ್ಜ್ ಸಾನ್ಯಾಕ್ 1913ರಲ್ಲಿ ಕನ್ನಡಿಗಳಿಂದ ತೋರಿಸಿದ್ದನ್ನು, ವಾಲಿ ಮತ್ತು ಶಾರ್ಟ್‌ಹಿಲ್ 1976ರಲ್ಲಿ ಫೈಬರ್ ಸುರುಳಿಯಲ್ಲಿ ಮಾಡಿ ತೋರಿಸಿದರು. ಎರಡೂ ಬೆಳಕುಗಳ ದಾರಿ ಒಂದೇ ಆದ್ದರಿಂದ ಉದ್ದ ಹೊಂದಿಸುವ ಕೆಲಸವೇ ಇಲ್ಲ. ಮೊದಲ ಉತ್ತರದಲ್ಲಿ ಬೇಡವೆಂದ ಕಡಿಮೆ ಸಂಸಕ್ತತೆಯ ಬೆಳಕೇ ಇಲ್ಲಿ ಹೆಚ್ಚು ಒಳ್ಳೆಯದು, ದಾರಿಯಲ್ಲಿನ ಅಡ್ಡ ಪ್ರತಿಫಲನಗಳು ಅದರಿಂದ ಪಟ್ಟೆ ಹುಟ್ಟಿಸುವುದಿಲ್ಲ.

ಲೆಕ್ಕ ನೋಡಿ. 10 ಸೆಂಟಿಮೀಟರ್ ವ್ಯಾಸಕ್ಕೆ ಸುತ್ತಿದ ಒಂದು ಕಿಲೋಮೀಟರ್ ಫೈಬರನ್ನು 1550 ನ್ಯಾನೋಮೀಟರ್ ಬೆಳಕಿನಲ್ಲಿ ಇಟ್ಟು, ಸುರುಳಿಯ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಗಿದ್ದರೆ, ಭೂಮಿಯ ತಿರುಗುವಿಕೆಯಿಂದ ಸಿಗುವ ಫೇಸ್ ವ್ಯತ್ಯಾಸ ಒಂದು ರೇಡಿಯನ್ನಿನ ಹತ್ತು ಸಾವಿರದಲ್ಲಿ ಒಂದು ಪಾಲು. ಸುರುಳಿಯನ್ನು ಮೇಜಿನ ಮೇಲೆ ಮಲಗಿಸಿದರೆ ಅದೂ ಸಿಗದು. ಕೊಪ್ಪಳ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಮಲಗಿದ ಸುರುಳಿಗೆ ಕಾಲು ಪಾಲಷ್ಟೇ ದಕ್ಕುತ್ತದೆ. ಚಕ್ರದಂತೆ ನಿಲ್ಲಿಸಿ ಅಕ್ಷವನ್ನು ಉತ್ತರಕ್ಕೆ ತಿರುಗಿಸಿದರೆ ಶೇ. 96ರಷ್ಟು ಸಿಗುತ್ತದೆ. ಸಮಭಾಜಕಕ್ಕೆ ಹತ್ತಿರವಿರುವ ನಮ್ಮಂಥ ಊರಿನವರು ಇದನ್ನು ನೆನಪಿಡಬೇಕು, ಉತ್ತರದ ದೇಶಗಳ ಪುಸ್ತಕಗಳಲ್ಲಿ ಸುರುಳಿಯನ್ನು ಮಲಗಿಸಿಯೇ ತೋರಿಸಿರಬಹುದು.

ಆದ್ದರಿಂದ ಭೂಮಿಯನ್ನು ಸದ್ಯಕ್ಕೆ ಬಿಟ್ಟು, ನಿಮಿಷಕ್ಕೆ 10 ಸುತ್ತು ತಿರುಗುವ ಹಲಗೆಯ ಮೇಲೆ ಇಡೀ ವಿನ್ಯಾಸವನ್ನಿಡಿ. ಅದೇ ಸುರುಳಿಗೆ 1.4 ರೇಡಿಯನ್ ಸಿಗುತ್ತದೆ, ತರಗತಿಯಲ್ಲಿ ಎಲ್ಲರಿಗೂ ಕಾಣುವಷ್ಟು. ಒಂದು ತೊಡಕಿದೆ. ಹಲಗೆ ನಿಂತಾಗ ಸಿಗ್ನಲ್ ಪಟ್ಟೆಯ ನೆತ್ತಿಯಲ್ಲೇ ಇರುತ್ತದೆ, ಅಲ್ಲಿ ಸಣ್ಣ ತಿರುಗುವಿಕೆಗೆ ಬೆಳಕು ಬದಲಾಗುವುದೇ ಇಲ್ಲ, ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಒಂದೇ ಇಳಿತ. ಇದನ್ನು ಬಿಡಿಸಲು ಸುರುಳಿಯ ಒಂದು ತುದಿಯ ಹತ್ತಿರ, ಸರಿಯಾಗಿ ಒಂದು ಪಕ್ಕಕ್ಕೆ, ಫೈಬರನ್ನು ವಿದ್ಯುತ್ ಕೊಟ್ಟರೆ ಹಿಗ್ಗಿ ಕುಗ್ಗುವ ಪೀಜೊ ಕೊಳವೆಗೆ ಹತ್ತಿಪ್ಪತ್ತು ಸುತ್ತು ಸುತ್ತಿ ಅಲುಗಿಸುತ್ತಾರೆ. ಒಂದು ಕಿಲೋಮೀಟರಿಗೆ ಬೆಳಕಿಗೆ ಬೇಕಾದ ಸಮಯ 4.9 ಮೈಕ್ರೊಸೆಕೆಂಡ್, ಅದರ ಎರಡರಷ್ಟು ಅವಧಿಯ, ಅಂದರೆ 102 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಅಲುಗಿಸಿದರೆ ಪರಿಣಾಮ ಅತಿ ಹೆಚ್ಚು. ಪೀಜೊವನ್ನು ಸುರುಳಿಯ ನಟ್ಟನಡುವೆ ಇಟ್ಟರೆ ಎರಡೂ ಕಡೆಯ ಬೆಳಕು ಅದನ್ನು ಒಂದೇ ಹೊತ್ತಿಗೆ ದಾಟಿ ಪರಿಣಾಮ ಸೊನ್ನೆಯಾಗುತ್ತದೆ.

ಅಂಗಡಿಯಿಂದ ತಂದ ಡ್ರಮ್ಮನ್ನು ಹಾಗೆಯೇ ಬಳಸಿದರೆ ಶಾಖ ಒಂದು ಬದಿಯಿಂದ ಏರಿದಾಗ ಹಲಗೆ ನಿಂತಿದ್ದರೂ ತಿರುಗಿದಂತೆ ತೋರಿಸುತ್ತದೆ. ಫೈಬರಿನ ನಟ್ಟನಡುವಿನಿಂದ ಶುರುಮಾಡಿ, ಎಡ ಅರ್ಧದ ಒಂದು ಪದರ, ಬಲ ಅರ್ಧದ ಎರಡು ಪದರ, ಮತ್ತೆ ಎಡ ಅರ್ಧದ ಒಂದು ಪದರ, ಹೀಗೆ ನಾಲ್ಕು ನಾಲ್ಕು ಪದರಗಳಾಗಿ ಸುತ್ತಿದರೆ ನಡುವಿನಿಂದ ಸಮದೂರದಲ್ಲಿರುವ ತುಂಡುಗಳು ಅಕ್ಕಪಕ್ಕ ಬಂದು ಈ ದೋಷ ಬಹುಪಾಲು ಕಳೆಯುತ್ತದೆ. ಒಂದು ಕಿಲೋಮೀಟರನ್ನು ಕೈಯಿಂದ ಹೀಗೆ ಸುತ್ತಲು ಇಬ್ಬರು ಬೇಕು, ಎರಡು ಚಿಕ್ಕ ಡ್ರಮ್ಮುಗಳಿಗೆ ಮೊದಲೇ ಅರ್ಧರ್ಧ ಸುತ್ತಿಟ್ಟುಕೊಂಡು ಶುರುಮಾಡಿ.